ಗುಡಿ ಹಿಂದಿನ ಬಾವಿ ಮತ್ತು ಭೂಗೋಳದ ವಾದ್ಯಾರು

ಹೋದ ವಾರ ಮೊಮ್ಮಗಳು ನಡುಮನೆಯಲ್ಲಿ ಕೂತು ನೀಲಿ ಪೆನ್ಸಿಲ್ ಕೆತ್ತುತ್ತಿದ್ದಳು. ಸ್ಕೂಲಿನಲ್ಲಿ ಜಿಲ್ಲೆಯ ನಕ್ಷೆ ಕೊಟ್ಟು ನದಿಗಳಿಗೆಲ್ಲ ಬಣ್ಣ ತುಂಬಲು ಹೇಳಿದ್ದರಂತೆ. ಆ ಮರದ ಸಿಪ್ಪೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ವಾದ್ಯಾರು ನೆನಪಾದರು. ನಾನಾಗಿ ಅವರನ್ನು ನೆನೆಸಿಕೊಳ್ಳುವವಳಲ್ಲ. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅವರು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುತ್ತಿದ್ದವರು. ಧಾರಾಪುರಂ ಕಡೆಯ ಕನ್ನಡದವರು. ನನಗೆ ಮದುವೆಯಾದ ಮೂರನೆಯ ವರ್ಷ, ಬೇಸಗೆ ರಜೆಯಲ್ಲಿ ತಿರುಪ್ಪೂರಿನ ಈಚೆಗಿರುವ ನಮ್ಮ ನೇಕಾರರ ಬೀದಿಗೆ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಉಳಿದರು. ಸುತ್ತಲಿನ ಬಾವಿಗಳ ನಕ್ಷೆ ಮಾಡಬೇಕಾಗಿತ್ತಂತೆ. ಸೈಕಲ್ ತಳ್ಳಿಕೊಂಡು ಹೋಗುತ್ತಾ ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ದೂರ ಬರೆದುಕೊಳ್ಳುವರು. ಬೀದಿಯವರು ನಕ್ಕಿದ್ದೇ ನಕ್ಕಿದ್ದು.

ಊರಿನ ನೀರಿನ ರುಚಿ ಬಲ್ಲವಳು ನಾನು. ನಾಲಗೆ ಮೇಲೆ ಒಂದು ಹನಿ ಬಿದ್ದರೆ ಸಾಕು, ಯಾವ ಬಾವಿಯದು, ಅದರಲ್ಲಿ ಬೇಳೆ ಬೇಯುತ್ತದೋ ಇಲ್ಲವೋ, ನೂಲಿಗೆ ಬಣ್ಣ ಹಿಡಿಯುತ್ತದೋ ಬಿಡುತ್ತದೋ ಹೇಳುತ್ತಿದ್ದೆ. ಅದಕ್ಕೇ ಅತ್ತೆ ನನ್ನನ್ನು ಅವರ ಜೊತೆ ಕಳಿಸಿದರು. ಕಳಿಸುವ ಮುಂಚೆ ಒಳಗೆ ಕರೆದು ಹೇಳಿದರು: "ಎಲ್ಲಾ ತೋರ್ಸು. ಗುಡಿ ಹಿಂದಿನ್ದು ಮಾತ್ರ ಬಾಯಿ ಬಿಡಬ್ಯಾಡ."

ಗುಡಿ ಹಿಂದಿನ ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿರುತ್ತಿತ್ತು. ಅದರ ನೀರನ್ನು ಕುಡಿಯಲೂ ಬಳಸುತ್ತಿರಲಿಲ್ಲ, ಬಣ್ಣಕ್ಕೆ ಮಾತ್ರ. ಅದರಲ್ಲಿ ಅದ್ದಿದ ಕೆಂಪು ನೂಲಿನ ಲಡಿ ಎಷ್ಟು ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ನಮ್ಮ ಬೀದಿಯ ಸೀರೆಗೆ ಹೆಸರು ಬಂದದ್ದೇ ಅದರಿಂದ. ಕೊಟ್ಟ ಹೆಣ್ಣುಮಕ್ಕಳು ಕೂಡ ಗಂಡನ ಮನೆಯಲ್ಲಿ ಆ ಬಾವಿಯ ಮಾತೆತ್ತುವಂತಿರಲಿಲ್ಲ.

ಹದಿನೈದು ದಿನ ಬಿಸಿಲಲ್ಲಿ ಅಲೆದೆವು. ಸಿಹಿನೀರಿಗೆ ನೀಲಿ ಚುಕ್ಕೆ, ಉಪ್ಪುನೀರಿಗೆ ಕೆಂಪು. ಕೊನೆಗೆ ನೀಲಿಯನ್ನೆಲ್ಲ ಸುತ್ತುವರಿದು ಒಂದು ಗೆರೆ ಎಳೆದರು.

"ಈ ಗೆರೆ ಊರಲ್ಲಿ ಎಲ್ಲೈತೆ ಸಾರ್? ನಾನು ನೋಡೇ ಇಲ್ವಲ್ಲ" ಎಂದೆ.

"ಮಣ್ಣಿನ ಮ್ಯಾಲೆ ಎಲ್ಲೂ ಇಲ್ಲ ಅಮ್ಮಣಿ. ಒಂದೇ ತರ ಇರೋ ಜಾಗನೆಲ್ಲ ಸೇರ್ಸಿ ನಾವೇ ಎಳೀತೀವಿ. ಎಳೆದ ಮ್ಯಾಲೆ ನೋಡು, ಮಗ್ಗ ಎಲ್ಲವ್ವೆ?"

ನೋಡಿದೆ. ಮಗ್ಗಗಳೆಲ್ಲ ಗೆರೆಯ ಒಳಗೇ ಇದ್ದವು. ಹೊರಗೆ ಬರೀ ಜೋಳದ ಹೊಲ. ನಮ್ಮ ಹಿರೀಕರು ಗುಡಿಯ ಅಮ್ಮನ ಅಪ್ಪಣೆಯಾಗಿ ಇಲ್ಲಿ ನಿಂತರೆಂದು ಕೇಳಿ ಬೆಳೆದವಳು ನಾನು. ಅಲ್ಲ, ನೀರು ನೋಡಿಕೊಂಡು ನಿಂತಿದ್ದರು. ಮೂರನೆಯ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಅದು ಆ ಕಾಗದದ ಮೇಲೆ ಕಂಡುಬಿಟ್ಟಿತು...

ಆಮೇಲೆ ಅವರು ಕೆಂಪು ಪೆನ್ಸಿಲ್ ತೆಗೆದುಕೊಂಡು ಗುಡಿಯ ಹಿಂದಿನ ಜಾಗಕ್ಕೆ ತುಂಬಲು ಹೋದರು. "ಆ ಪಕ್ಕ ಸುತ್ತಾನೂ ಉಪ್ಪು. ನಡುವಿನ್ದೂ ಉಪ್ಪೇ ಇರ್ತದೆ" ಎಂದರು.

ಅತ್ತೆಯ ಮಾತು ಕಿವಿಯಲ್ಲೇ ಇತ್ತು. ಸುಮ್ಮನಿರಬೇಕಾಗಿತ್ತು. ಆದರೆ ಆ ನೀರಿಗೆ ಉಪ್ಪು ಎಂದರೆ ನನಗೆ ತಡೆಯಲಾಗಲಿಲ್ಲ.

"ಅಲ್ಲಿ ಕೆಂಪು ಬರೀಬ್ಯಾಡಿ ಸಾರ್."

"ಯಾಕೆ?"

"ಬನ್ನಿ."

ಚಪ್ಪಡಿ ಸರಿಸಿ ಒಂದು ಬಿಂದಿಗೆ ಸೇದಿದೆ. ಬೊಗಸೆ ತುಂಬಾ ಕುಡಿದು ಅವರು ಜೋರಾಗಿ ನಕ್ಕರು. "ನೀನಿಲ್ದಿದ್ರೆ ನನ್ನ ಮ್ಯಾಪೇ ಸುಳ್ಳಾಗ್ತಿತ್ತು ಅಮ್ಮಣಿ!" ನನ್ನ ತಿಳಿವಳಿಕೆ ಒಬ್ಬರಿಗೆ ಬೇಕಾಗಿತ್ತು ಎಂದು ಅದುವರೆಗೂ ಯಾರೂ ನನಗೆ ಹೇಳಿರಲಿಲ್ಲ. ಹಿಗ್ಗಿಹೋದೆ. ದಡ್ಡಿ.

ನಕ್ಷೆ ಅಚ್ಚಾಯಿತು. ಎರಡು ವರ್ಷ ಕಳೆದ ಮೇಲೆ ತಿರುಪ್ಪೂರಿನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಯವನೊಬ್ಬ ಬಂದ. ಅವನ ಅಂಗಿಯ ಜೇಬಿನಲ್ಲಿ ಅದೇ ನಕ್ಷೆ ನಾಲ್ಕು ಮಡಿಕೆಯಾಗಿತ್ತು. ನೀರು ಎಲ್ಲಿದೆಯೆಂದು ಯಾರನ್ನೂ ಕೇಳದೆ ಗುಡಿಯ ಹಿಂದಿನ ಹೊಲ ಕೊಂಡು, ಬೋರು ಕೊರೆಸಿ, ಹಗಲೆಲ್ಲ ಲಾರಿಗೆ ನೀರು ತುಂಬಿಸಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ನಮ್ಮ ಬಾವಿ ಮೊದಲು ಕೆಸರಾಯಿತು, ಆಮೇಲೆ ಬತ್ತಿತು. ಬೇರೆ ನೀರಿನಲ್ಲಿ ಅದ್ದಿದ ಕೆಂಪು ಮೊದಲ ಒಗೆತಕ್ಕೇ ಬಿಟ್ಟುಹೋಗಿ, ವ್ಯಾಪಾರಿಗಳು ಸೀರೆ ವಾಪಸ್ ಕಳಿಸಿದರು. ಒಂದೊಂದೇ ಮಗ್ಗ ನಿಂತಿತು. ನಮ್ಮನೆಯವರು ಬನಿಯನ್ ಕಂಪನಿಗೆ ಕೆಲಸಕ್ಕೆ ಹೋದರು.

ಬಾವಿ ತೋರಿಸಿದ್ದು ಯಾರೆಂದು ಅತ್ತೆ ಕೇಳಿದರು. "ನಾನಲ್ಲ, ವಾದ್ಯಾರೇ ಕಂಡುಹಿಡ್ಕೊಂಡ್ರು" ಎಂದೆ. ನಂಬಿದರೋ ಇಲ್ಲವೋ, ಕಡೆಯವರೆಗೂ ತಿಳಿಯಲಿಲ್ಲ.

ಸುದ್ದಿ ಕೇಳಿ ವಾದ್ಯಾರು ಒಮ್ಮೆ ಬಂದರು. ಬೀದಿಯವರೆಲ್ಲ ಸೇರಿ ನಮ್ಮ ಜಗಲಿಯ ಮೇಲೆಯೇ ಅವರನ್ನು ನಿಲ್ಲಿಸಿಕೊಂಡರು.

"ಉಣ್ಣಕ್ಕಿಕ್ಕಿದ್ರೆ ಅಡುಗೆಮನೆ ಒಳಗೇ ನುಗ್ಗಿದ್ರಾ ಸಾರ್?" ಎಂದು ಒಬ್ಬ ಕೂಗಿದ. "ಚಪ್ಪಡಿ ಮುಚ್ಚಿದ ಬಾವಿ ನಿಮ್ ಕಣ್ಣಿಗೆ ಹೆಂಗೆ ಬಿತ್ತು? ಹೇಳಿ!"

ಬಾಗಿಲ ಸಂದಿನಲ್ಲಿ ನಿಂತಿದ್ದೆ. ಅವರ ಕಣ್ಣು ಒಂದು ಸಲ ನನ್ನ ಕಡೆ ಹೊರಳಿತು. ಹೆಸರು ಹೇಳಿದ್ದರೆ ಆ ದಿನವೇ ನನ್ನನ್ನು ತವರಿಗೆ ಅಟ್ಟುತ್ತಿದ್ದರು.

"ನಾನೇ ಹುಡುಕ್ಕೊಂಡು ಹೋದೆ. ತಪ್ಪು ನಂದು" ಎಂದರು.

ಒಬ್ಬ ಮುದುಕ ಅವರ ಕಾಲ ಹತ್ತಿರ ಉಗಿದ. ಸೈಕಲ್ ತಿರುಗಿಸಿಕೊಂಡು ಹೋದರು. ನಾನು ಒಂದು ಹೆಜ್ಜೆಯೂ ಹೊರಗಿಡಲಿಲ್ಲ. ಮತ್ತೆ ಅವರು ನಮ್ಮ ಬೀದಿಗೆ ಬರಲಿಲ್ಲ.

ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಷ್ಟು ಓದಿದವರಿಗೆ, ಆ ಕಾಗದ ಯಾರ ಕೈ ಸೇರುತ್ತದೆಂದು ಯೋಚಿಸಲು ಬರಲಿಲ್ಲವೇ? ಆಮೇಲೆ ನನ್ನನ್ನು ಕಾಪಾಡಿ ಹೋದರಲ್ಲ, ಅದರ ಮೇಲೆ ಇನ್ನೂ ಸಿಟ್ಟು. ಬೈದಿದ್ದರೆ ಬೈಸಿಕೊಂಡು ಮುಗಿಸುತ್ತಿದ್ದೆ.

ಐದಾರು ವರ್ಷದ ಕೆಳಗೆ ಕೊಯಮತ್ತೂರಿನ ಗಾಂಧಿಪುರಂ ಬಸ್ ಸ್ಟ್ಯಾಂಡಿನಲ್ಲಿ ಧಾರಾಪುರಂನ ನೆಂಟರೊಬ್ಬರು ಸಿಕ್ಕಿ, ವಾದ್ಯಾರು ಹೋಗಿಬಿಟ್ಟರೆಂದರು. ಅತ್ತೆ ಅದಕ್ಕೂ ಮುಂಚೆಯೇ ಹೋಗಿದ್ದರು. ನಮ್ಮನೆಯವರೂ ಇಲ್ಲ. ನಾನು ತಪ್ಪೊಪ್ಪಿಕೊಳ್ಳಬೇಕಾಗಿದ್ದ ಮೂವರೂ ಹೋದರು...

ಮೊನ್ನೆ ಬೆಳಿಗ್ಗೆ ತಡೆಯಲಾರದೆ ಎಲ್ಲವನ್ನೂ ಸೊಸೆಗೆ ಹೇಳಿದೆ. ಬಾವಿ ತೋರಿಸಿದ್ದು ನಾನೇ ಎಂದೆ. ಅವಳು ಪಾತ್ರೆ ಉಜ್ಜುತ್ತಲೇ ಕೇಳಿಸಿಕೊಂಡಳು.

"ಯಾವ ಬಾವಿ ಅತ್ತೆ? ಗುಡಿ ಹಿಂದ್ಗಡೆ ಬಾವಿ ಇತ್ತಾ?" ಎಂದಳು. ಅಷ್ಟರಲ್ಲಿ ಬೀದಿಯಲ್ಲಿ ನೀರಿನ ಲಾರಿಯ ಹಾರ್ನ್ ಆಯಿತು. "ಸರಿ, ತಣ್ಣಿ ಲಾರಿ ಬಂತು. ಕೊಡ ತಗೊಂಡು ನೀವು ಮುಂದೆ ಹೋಗಿ ಜಾಗ ಹಿಡೀರಿ, ನಾನು ಬತ್ತೀನಿ."

ಹೋಗಿ ಸಾಲಿನಲ್ಲಿ ನಿಂತೆ.