ನಡುಗಿದ್ದು ಉಮ್ಮರಾಕನ ಕೈಯಲ್ಲ

ಮಾಣಿ ಪೇಟೆಯ ಉಮ್ಮರಾಕನಿಗೆ ಕೈ ನಡುಗ್ತದೆ ಅಂತ ಊರಿಡೀ ಡಂಗುರ ಹೊಡೆದವರು ಯಾರು, ನನಗೊಮ್ಮೆ ಸಿಗಬೇಕು. ಇಪ್ಪತ್ತೆಂಟು ವರ್ಷದಿಂದ ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಬಂಗುಡೆ, ಬೂತಾಯಿ ಮೀನು ಕೊಟ್ಟ ಮನುಷ್ಯ. ತಕ್ಕಡಿ ಎತ್ತಿದರೆ ಮುಳ್ಳು ಅಲ್ಲಾಡದ ಕೈ ಅದು. ನಾನು ಹರಿಣಾಕ್ಷಿ, ಬಂಟ್ವಾಳದಲ್ಲಿ ಡ್ರೈವಿಂಗ್ ಕಲಿಸುವವಳು. ಕೈ ನಡುಗುವವರನ್ನು ದಿನಾ ನೋಡ್ತೇನೆ.

ಆದದ್ದು ಇಷ್ಟೇ. ಹಳೇ ಗಾಡಿ ಸವೆದು ಹೋಯಿತು ಅಂತ ಉಮ್ಮರಾಕ ಎಬಿಎಸ್ ಬ್ರೇಕ್ ಇರುವ ಹೊಸ ಬೈಕ್ ತೆಗೆದರು. ಮಾರಿದವರು ಗಾಡಿಗೆ ಹಾರ ಹಾಕಿ ಫೋಟೋ ಹೊಡೆದರು, ಎಬಿಎಸ್ ಅಂದರೆ ಏನು ಅಂತ ಒಂದು ಮಾತು ಹೇಳಲಿಲ್ಲ. ಎರಡನೇ ವಾರ ಮಳೆ ಬಿದ್ದ ರಸ್ತೆಯಲ್ಲಿ ರಿಕ್ಷಾ ಅಡ್ಡ ನುಗ್ಗಿತು. ಇವರು ಎದುರಿನ ಬ್ರೇಕ್ ಬಲವಾಗಿ ಹಿಡಿದರು. ಲಿವರ್ ಬೆರಳಿಗೆ ಟಕಟಕ ಒದೆಯಿತು. ಬ್ರೇಕ್ ಹಾಳಾಯಿತು ಅಂತ ಹೆದರಿ ಬಿಟ್ಟೇಬಿಟ್ಟರು. ಬೈಕ್ ಹೋಗಿ ಕೆಂಪುಕಲ್ಲಿನ ಕಂಪೌಂಡಿಗೆ ಗುದ್ದಿತು, ಬಂಗುಡೆಯೆಲ್ಲ ಚರಂಡಿಗೆ. ಪುಣ್ಯಕ್ಕೆ ಮೊಣಕಾಲು ತರಚಿದ್ದಷ್ಟೇ.

"ಬ್ರೇಕ್ ನಡುಗಿತು" ಅಂದರೆ ಯಾರು ನಂಬಬೇಕು? "ನಡುಗಿದ್ದು ನಿಮ್ಮ ಕೈ ಮಾರಾಯ್ರೆ, ಪ್ರಾಯ ಆಯಿತಲ್ಲ" ಅಂದರು ಎಲ್ಲರೂ. ಗ್ಯಾರೇಜಿನವನಂತೂ ಮಹಾ ಪಂಡಿತ. ಎಬಿಎಸ್‌ನ ಫ್ಯೂಸ್ ಕಿತ್ತು, ಮೀಟರಿನಲ್ಲಿ ಉರಿಯುವ ಹಳದಿ ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿ, "ಇನ್ನು ನಡುಗುವುದಿಲ್ಲ, ಹೋಗಿ" ಅಂತ ಕಳಿಸಿದ. ಕಣ್ಣಿಗೆ ಮಣ್ಣೆರಚುವುದು ಅಂದರೆ ಇದೇ.

ಮೊನ್ನೆ ಉಮ್ಮರಾಕ ನಮ್ಮ ಗೇಟಿಗೆ ಬಂದವರು ಮೀನು ತೂಗುತ್ತಾ ಹೇಳಿದರು: "ಗಾಡಿ ಮಾರ್ತೇನೆ ಟೀಚರೇ. ನಾಳೆ ಬೆಳುವಾಯಿಯಿಂದ ಜನ ಬರ್ತಾರೆ. ಧೈರ್ಯ ಹೋಯಿತು, ಇನ್ನು ಮೀನಿಗೆ ಹೋಗುವುದಿಲ್ಲ."

ಆ ಟೇಪ್ ನೋಡಿ ನನ್ನ ಮೈಯೆಲ್ಲ ಉರಿಯಿತು. ಕಿತ್ತು ಬಿಸಾಡಿದೆ. ಬೇರೆ ಕಡೆ ಫ್ಯೂಸ್ ಹಾಕಿಸಿ, ನಾವು ಕಲಿಸುವ ಮೈದಾನಕ್ಕೆ ಕರೆದುಕೊಂಡು ಹೋದೆ.

"ಜಾರುವ ರಸ್ತೆಯಲ್ಲಿ ಬ್ರೇಕ್ ಹೇಗೆ ಹಿಡಿಯುವುದು ಉಮ್ಮರಾಕ?"

"ಬಿಟ್ಟು ಬಿಟ್ಟು ಹಿಡಿಯಬೇಕು. ಒಮ್ಮೆಲೇ ಹಿಡಿದರೆ ಚಕ್ರ ಜಾಮ್ ಆಗಿ ಜಾರ್ತದೆ."

"ಆ ಕೆಲಸ ಈಗ ಗಾಡಿಯೇ ಮಾಡ್ತದೆ. ಚಕ್ರ ಜಾಮ್ ಆಗ್ತದೆ ಅನ್ನುವಾಗ ತಾನೇ ಬಿಡ್ತದೆ, ತಾನೇ ಹಿಡೀತದೆ, ಒಂದು ಸೆಕೆಂಡಿಗೆ ಎಷ್ಟೋ ಸಲ. ಬೆರಳಿಗೆ ಒದೆಯುವುದು ಅದೇ. ನೀವು ಬಿಡಬೇಡಿ. ಹಿಡಿದೇ ಇರಿ."

ಮೊದಲ ಎರಡು ಸಲ ಬಿಟ್ಟರು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಅವರದ್ದೇನು ತಪ್ಪು? ಮೂರನೇ ಸಲ ಒದ್ದೆ ಹುಲ್ಲಿನ ಮೇಲೆ ಲಿವರ್ ಟಕಟಕ ಅಂದರೂ ಬಿಡಲಿಲ್ಲ. ಗಾಡಿ ಜಾರದೆ, ವಾಲದೆ, ನೆಟ್ಟಗೆ ಹೋಗಿ ನಿಂತಿತು.

ಉಮ್ಮರಾಕ ಗಾಡಿಯಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಬೆಳುವಾಯಿಯವರಿಗೆ ಬರಬೇಡಿ ಅಂತ ಫೋನ್ ಮಾಡಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಒಂದು ತಿಂಗಳಾಯಿತು ಟೀಚರೇ, ಊರವರು ಹೇಳಿದ್ದನ್ನು ನಾನೂ ನಂಬಿ ಮನೆಯಲ್ಲಿ ಚಾದ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು ಕುಡೀತಿದ್ದೇನೆ. ಚೆಲ್ಲಿದರೆ ಹೆಂಡತಿ ನೋಡ್ತಾಳೆ ಅಂತ."