ಮೇಸ್ತ್ರಿ ಒಪ್ಪದ ಅರ್ಥ

ನಮ್ಮ ಮೇಸ್ತ್ರಿಯ ಮುಂಗೈಗಳ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಲೆಗಳಿದ್ದವು. ಪೀಣ್ಯದ ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷದ ದುಡಿಮೆಯಲ್ಲಿ ಕಾದ ಕಬ್ಬಿಣ ಸಿಡಿದ ಗುರುತು ಅವು.

ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಇನ್‌ಸ್ಪೆಕ್ಷನ್ನಿಗೆ ಸೇರಿದಾಗ, ಅವರು ಡ್ರಾಯಿಂಗಿನಲ್ಲಿದ್ದ ‘ಕಾಸ್ಟ್’ (cast) ಎಂಬ ಪದಕ್ಕೆ ಬೆರಳಿಟ್ಟು ಅರ್ಥ ಕೇಳಿದರು. ಟೀ ಹೊತ್ತಿನಲ್ಲಿ ಫೋನಿನ ನಿಘಂಟು ತೆರೆದು ಓದಿದೆ: ಎಸೆ, ಬಲೆ ಬೀಸು, ವೋಟು ಹಾಕು, ನೆರಳು ಚೆಲ್ಲು, ಹಾವು ಪೊರೆ ಬಿಡು, ಎರಕ ಹೊಯ್ಯಿ.

“ಅಯ್ ಶಿವ್ನೇ, ಒಬ್ನ ಕೈಲಿ ಇಷ್ಟೊಂದ್ ಕೆಲ್ಸಾನಾ? ನಮ್ ಓನರ್ರೇ ಇಟ್ಟಿರ್ಬೇಕು ಈ ಪದಾನ!” ಎಂದು ನಕ್ಕರು. ಮೊದಲ ಅರ್ಥವನ್ನು ಮಾತ್ರ ಒಪ್ಪಲಿಲ್ಲ. “ಎಸುದ್ರೆ ಆಯ್ತದೇನವ್ವಾ? ಹಸುಗೂಸಿಗೆ ನೀರು ಉಯ್ದಂಗೆ ಉಯ್ಬೇಕು.”

ಮೂರನೆಯ ವಾರ ಪಂಪಿನ ಹೊರಕವಚ, ಅಂದರೆ ಕೇಸಿಂಗ್ ಒಂದನ್ನು ಅಳೆದು, ಎಲ್ಲ ಸರಿಯಿದೆಯೆಂದು ಹಸಿರು ಬಳಿದಿದ್ದೆ. ಲಾರಿಗೆ ಏರಿಸುವ ಮುನ್ನ ಮೇಸ್ತ್ರಿ ಸೊಂಟದ ಪುಟ್ಟ ಸುತ್ತಿಗೆ ತೆಗೆದು ಬಡಿದರು. ‘ಟಣ್’ ಎನ್ನಬೇಕಾದದ್ದು ‘ದಡ್’ ಎಂದಿತು. ಒಳಗೆ ಕೂದಲೆಳೆಯಷ್ಟು ಬಿರುಕು.

“ಇದನ್ನ ಪಾಸ್ ಮಾಡಿದ್ ಯಾರ್ರೀ?” ಹಿಂದೆಯೇ ಬಂದ ಮ್ಯಾನೇಜರ್ ಕೇಳಿದರು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಕೆಲಸ ಹೋಯಿತು ಎಂದುಕೊಂಡೆ.

“ತಪ್ಪು ನಂದು ಸಾರ್,” ಮೇಸ್ತ್ರಿ ಅಡ್ಡ ಬಂದರು. “ತಣ್ಣಗಾಗೋಕ್ ಮುಂಚೆ ಅಚ್ಚು ಒಡುಸ್ದೋನು ನಾನು. ಬಡ್ದು ನೋಡು ಅಂತ ಈ ಉಡ್ಗಿಗೆ ಯೋಳ್‌ಕೊಡ್ದೆ ಇದ್ದೋನೂ ನಾನೇಯ.”

“ಇಬ್ರೂ ಸೇರಿ ಫ್ಯಾಕ್ಟ್ರಿ ಮುಚ್ಚಿಸ್ತೀರಾ,” ಎಂದು ಗೊಣಗುತ್ತ ಮ್ಯಾನೇಜರ್ ಹೊರಟುಹೋದರು.

ಮೇಸ್ತ್ರಿ ಸುತ್ತಿಗೆಯನ್ನು ನನ್ನ ಕೈಗಿಟ್ಟರು. “ಕಣ್ಣಿಗೆ ಕಾಣ್ದಿದ್ದು ಕಿವಿಗೆ ಕೇಳ್ತದೆ. ಸದ್ದು ಅಡಗೋಗಂಟ ನಿಂತ್ಕೊ, ಅವಸ್ರ ಬ್ಯಾಡ.” ಕೇಸಿಂಗನ್ನು ಒಡೆದು ಕುಲುಮೆಗೆ ಹಾಕಿಸಿದರು. ಅದು ಕರಗುವಾಗ ಕರೆದು ತೋರಿಸಿದರು. “ನೋಡವ್ವಾ, ನಾವೇನೂ ಎಸೆಯಾಕಿಲ್ಲ. ನಿನ್ ಫೋನಿಗೂ ಯೋಳು.”

ಹೋದ ವರ್ಷ ಅವರು ಬಿದ್ದು ಮಣಿಕಟ್ಟು ಮುರಿದುಕೊಂಡಾಗ ಚಿಕ್ಕಬಾಣಾವರದ ಮನೆಗೆ ಹೋಗಿದ್ದೆ. ಕೈಗೆ ಹಾಕಿದ ಪ್ಲಾಸ್ಟರಿಗೂ ‘ಕಾಸ್ಟ್’ ಅಂತಲೇ ಅಂತಾರೆ ಎಂದೆ. ಅದನ್ನು ಬೆರಳಿನಿಂದ ಬಡಿದು ಕಿವಿಗೊಟ್ಟರು.

“ದಡ್ ಅಂತದೆ. ರಿಜೆಕ್ಟ್ ಮಾಡ್ಬುಡು!”

ಕಾಫಿ ತಂದ ಅವರ ಹೆಂಡತಿಗೆ ನಗು ತಡೆಯಲಾಗದೆ ಲೋಟ ತುಳುಕಿತು.

ಕೈ ಕೂಡಿ ಮತ್ತೆ ಕೆಲಸಕ್ಕೆ ಬಂದರು. ಈ ಯುಗಾದಿಯ ಮರುವಾರ ನಿದ್ದೆಯಲ್ಲೇ ಹೋದರು.

ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಹನ್ನೆರಡು ಕೇಸಿಂಗುಗಳು ಸಾಲಾಗಿ ಕಾದಿದ್ದವು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಒಂದೊಂದನ್ನೂ ಅವರ ಸುತ್ತಿಗೆಯಿಂದ ಬಡಿದೆ, ಸದ್ದು ಅಡಗುವವರೆಗೆ ನಿಂತೆ, ಆಮೇಲೆ ಹಸಿರು ಬಳಿದೆ.