ನಾಲ್ಕಕ್ಕೆ ನಿಲ್ಲಿಸಿದ ಉಸಿರು

ಮಾರ್ಗಶಿರ ಶುದ್ಧ ದಶಮಿ, ನಿಲಂಗಾ. ನನ್ನ ವಹಿಯಲ್ಲಿ ಆ ದಿನದ ಮುಂದೆ ಒಂದೇ ಸಾಲು ಇದೆ: "ಮೂರಕ್ಕೆ ಕಚ್ಚಿದ, ಐದಕ್ಕೆ ಉಗುಳಿದ, ಆರಕ್ಕೆ ಬಾಯಿ ಒರೆಸಿಕೊಂಡ, ಏಳಕ್ಕೆ ತುತ್ತೂರಿ ಎತ್ತಿದ." ನನ್ನ ಮಾನ ಹೋದದ್ದನ್ನು ಬರೆದಿಲ್ಲ. ಅದನ್ನು ಬರೆದಿಡುವ ಅಗತ್ಯವಿರಲಿಲ್ಲ.

ಉದಗೀರದ ನಮ್ಮ ಬಾಜಾ ಮೇಳದಲ್ಲಿ ಹನ್ನೊಂದು ಮಂದಿ. ತುತ್ತೂರಿ ಊದುವವರು ಮೂವರು. ಮೊದಲನೆಯವನು ಜಳಕೋಟದವನು, ಒಂಬತ್ತು ವರ್ಷದಿಂದ ಊದುತ್ತಿದ್ದವನು. ಎರಡನೆಯವನು ನಾನು, ಉಮರ್ಗಾದ ಕಿರಾಣಿ ವ್ಯಾಪಾರಿಯ ಮಗ. ಉದಗೀರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಮೂರನೆಯವನು ದೇವಣಿಯವನು, ನನಗಿಂತ ಹೊಸಬ. ನಮ್ಮೆಲ್ಲರನ್ನು ನಡೆಸುವವರು ಉಸ್ತಾದರು. ನಿಜಾಮರ ಪಲಟಣಿಯಲ್ಲಿ ಬಿಗುಲ ಊದಿ, ವಯಸ್ಸಾದ ಮೇಲೆ ಬಿಟ್ಟು ಬಂದವರು.

ಮದುವೆಯಲ್ಲಿ ಅಕ್ಷತೆ ಬಿದ್ದ ಕೂಡಲೇ ಒಂದೇ ತುತ್ತೂರಿ ಒಂದೇ ಸ್ವರವನ್ನು ಎಂಟು ಎಣಿಸುವವರೆಗೆ ಹಿಡಿಯಬೇಕು. ಅದನ್ನು ನಾವು ಮೊದಲ ಉಸಿರು ಎನ್ನುತ್ತೇವೆ. ಅದು ನಿಂತ ಗಳಿಗೆಯಲ್ಲೇ ಎರಡನೇ ತುತ್ತೂರಿ ಎತ್ತಿಕೊಳ್ಳಬೇಕು. ನಡುವೆ ಸದ್ದಿಲ್ಲದ ಜಾಗ ಉಳಿಯಬಾರದು. ಆಮೇಲೆ ಡೋಲು, ಝಾಂಜು, ಉಳಿದವರು. ಮೊದಲ ಉಸಿರು ಯಾರದೋ ಬಾಜಾದಲ್ಲಿ ಅವನದೇ ಮಾತು. ಅದು ಜಳಕೋಟದವನದಾಗಿತ್ತು. ನನಗೆ ಬೇಕಿತ್ತು.

ನಿಲಂಗಾದ ಮದುವೆಗೆ ಎರಡು ದಿನ ಮೊದಲು ಉಸ್ತಾದರ ಅಂಗಳದಲ್ಲಿ ಕೂತು ತುತ್ತೂರಿಗಳನ್ನು ತಿಕ್ಕುತ್ತಿದ್ದೆವು. ಹಿತ್ತಾಳೆ ಹೊಳೆಯಬೇಕಾದರೆ ಹುಳಿ ಬೇಕು. ಹುಣಸೆ ಹಚ್ಚಿ, ಬೂದಿ ಉದುರಿಸಿ, ಹಳೆಯ ಅರಿವೆಯಿಂದ ತಿಕ್ಕುತ್ತೇವೆ. ಆ ಹೊತ್ತಿನಲ್ಲೇ ನಮ್ಮ ಮಾತುಕತೆಯೆಲ್ಲ.

"ನಿಮ್ಮ ಬಟ್ಟಲ ಸಣ್ಣದದರಿ. ಅದಕ್ಕೇ ಮ್ಯಾಲಿನ ಸ್ವರ ಸಸಾರ ಬರತದ," ಎಂದ ದೇವಣಿಯವನು ಜಳಕೋಟದವನಿಗೆ. ಬಟ್ಟಲು ಎಂದರೆ ತುಟಿಗೆ ಒತ್ತಿಕೊಳ್ಳುವ ತುದಿ.

"ಬಟ್ಟಲ ಊದತದೇನೋ? ತುಟಿ ಊದತದ. ನನ್ನ ಬಟ್ಟಲ ಒಯ್ದು ನಿಮ್ಮ ದೇವಣಿ ಎತ್ತಿನ ಬಾಯಾಗ ಇಡು, ಊದತದೇನು ನೋಡು."

"ಊದತದರಿ. ಆದ್ರ ರಿಯಾಜ್ ಮಾಡು ಅಂದ್ರ ಮಕಾ ತಿರುವತದ."

ಉಸ್ತಾದರೂ ನಕ್ಕರು. "ರಿಯಾಜ್ ಅಂದ್ರ ಮುಂಜಾನೆದ್ದು ಓಣಿ ಮಂದೀಗಿ ಎಬ್ಬಸೋದಲ್ಲ ಬೇಟಾ. ಒಂದೇ ಸ್ವರ. ಸಣ್ಣಗ, ಉದ್ದಕ. ತುಟಿ ನೋಯಲಕ್ಕ ಹತ್ತಿತು ಅಂದ್ರ ಕೆಳಗಿಡಬೇಕು. ಪಲಟಣಿಯಾಗ ಜೋರ ಮಾಡಿ ತುಟಿ ಒಡಕೊಂಡವರಿಗಿ ಭಾಳ ನೋಡೀನಿ. ಆಮ್ಯಾಲ ಅವರು ಕುದರಿ ತೊಳದರು." ಆಮೇಲೆ ಜಳಕೋಟದವನ ಕಡೆ ತಿರುಗಿದರು. "ನಿಂದು ಈಗ ಎಷ್ಟು?"

"ಎಂಟು. ಯಾವಾಗ ಕೇಳ್ತೀರಿ ಆವಾಗ ಎಂಟು."

ನಾನು ಸುಮ್ಮನಿರಬಹುದಿತ್ತು. ವಹಿ ತೆಗೆದೆ. "ಇಲ್ಲರಿ. ಕಾರ್ತಿಕದಾಗ ಐದು ಲಗ್ನ. ಎರಡರಾಗ ಎಂಟು, ಎರಡರಾಗ ಏಳು, ಒಂದರಾಗ ಆರು."

ಅರಿವೆಗಳು ನಿಂತವು. ಜಳಕೋಟದವನು ನಗುತ್ತಲೇ ಹೇಳಿದ: "ಸಾವಕಾರ್ರ ಮಗ ನೋಡ್ರಿ. ಅಂಗಡಿ ಬಿಟ್ಟು ಬಂದಾನ, ತಕ್ಕಡಿ ಬಿಟ್ಟಿಲ್ಲ."

"ಹಂಗಾದ್ರ ನಿಲಂಗಾದಾಗ ಮೊದಲ ಉಸರು ಇಂವಾ ಊದಲಿ," ಎಂದರು ಉಸ್ತಾದರು. "ನೀ ಎರಡನೇದು ಹಿಡಿ."

ಜಳಕೋಟದವನು ಅರಿವೆಯನ್ನು ಪಕ್ಕಕ್ಕಿಟ್ಟ. ನನ್ನ ಬಾಯಿಯನ್ನೇ ನೋಡುತ್ತ ಕೂತ. ಹುಣಸೆ ತಿಕ್ಕುವಾಗ ನಾನು ಮೇಲಿಂದ ಮೇಲೆ ಉಗುಳು ನುಂಗುತ್ತಿದ್ದೆ.

"ಯಾಕೋ, ಬಾಯಾಗ ನೀರ ಬರಲತ್ತದೇನು?" ಎಂದ ಅವನು.

"ಹೂಂನ್ರಿ. ಹುಳಿ ಕಂಡ್ರ ತಡಿಯಂಗಿಲ್ಲ ನನಗ."

ಹೇಳಿದವನು ನಾನೇ.

ನಿಲಂಗಾದಲ್ಲಿ ಅಕ್ಷತೆ ಬಿತ್ತು. ನಾನು ಊದಲು ಶುರುಮಾಡಿದೆ. ಮಂಟಪದ ಆಚೆ, ನೇರ ನನ್ನೆದುರಿಗೆ, ಜಳಕೋಟದವನು ತುತ್ತೂರಿಯನ್ನು ಕಂಕುಳಲ್ಲಿಟ್ಟು ಕಿಸೆಯಿಂದ ಹಸಿ ಹುಣಸೆಕಾಯಿ ತೆಗೆದ. ಉಪ್ಪು ಹಚ್ಚಿದ್ದು. ಹಲ್ಲಿನಿಂದ ನಿಧಾನವಾಗಿ ಕಚ್ಚಿ, ಒಂದು ಕಣ್ಣು ಮುಚ್ಚಿ, ಮುಖ ಹಿಂಡಿಕೊಂಡ. ನನ್ನ ಬಾಯಿ ತುಂಬಿತು. ತುತ್ತೂರಿ ಗೊಳಗೊಳ ಅಂದಿತು.

"ಹುಕ್ಕಾ ಸೇದಲತ್ತಾನೇನ್ರಿ ಇಂವಾ?" ಎಂದ ಬೀಗರಲ್ಲೊಬ್ಬ. ಇಡೀ ಮಂಟಪ ನಕ್ಕಿತು. ಅಷ್ಟರಲ್ಲಿ ಜಳಕೋಟದವನು ಬಾಯಿ ಒರೆಸಿಕೊಂಡು, ತನ್ನ ಸ್ವರವನ್ನು ಎತ್ತಿಕೊಂಡು, ಮದುವೆಯನ್ನು ಉಳಿಸಿಕೊಟ್ಟವನಂತೆ ಊದಿದ. ಹೆಣ್ಣಿನ ಕಡೆಯವರು ಅವನಿಗೆ ಶಲ್ಯ ಹೊದಿಸಿದರು.

ಮರುದಿನ ಉಸ್ತಾದರು ನನ್ನ ಕೈಗೆ ಝಾಂಜು ಕೊಟ್ಟರು. ಎರಡು ಕಂಚಿನ ತಟ್ಟೆಗಳು, ನಡುವೆ ಕೆಂಪು ದಾರ. "ಸ್ವಲ್ಪ ದಿನ ಇದು ಬಡಿ," ಎಂದರು. ನಾನು ಹುಣಸೆಯ ಮಾತು ಎತ್ತಲಿಲ್ಲ.

ಅಂದಿನಿಂದ ವಹಿಯಲ್ಲಿ ಹೊಸ ಕೋಷ್ಟಕ ಹಾಕಿದೆ. ದಿನಾ ಮುಂಜಾನೆ ಕಿಲ್ಲೆಯ ಕಂದಕದ ಬದಿಗೆ ಹೋಗುವುದು, ಕಲ್ಲಿನ ಮೇಲೆ ಹುಣಸೆಕಾಯಿ ಸುಲಿದಿಡುವುದು, ಅದನ್ನೇ ನೋಡುತ್ತ ಊದುವುದು. ಎಷ್ಟು ಎಣಿಕೆ ಹಿಡಿದೆ, ಎಷ್ಟನೆಯದಕ್ಕೆ ನೀರು ಬಂತು, ಎರಡನ್ನೂ ಬರೆಯುವುದು. ಮೊದಲ ಒಂಬತ್ತು ದಿನ ಮೂರಕ್ಕೇ ನೀರು. ಹತ್ತನೆಯ ದಿನ ನಾಲ್ಕು. ಪುಷ್ಯದಲ್ಲಿ ಮದುವೆಗಳಿರಲಿಲ್ಲ, ಒಂದು ಹೊತ್ತನ್ನು ಎರಡು ಹೊತ್ತು ಮಾಡಿದೆ. ನೋಡಿದರೆ ಸಾಲದೆಂದು ಊದುವ ಮೊದಲು ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿಕೊಳ್ಳತೊಡಗಿದೆ.

ದಿನಾ ಹುಣಸೆಕಾಯಿ ಕೇಳುವ ನನ್ನನ್ನು ನೋಡಿ ಅತ್ತೆ ಸೊಂಟದ ಮೇಲೆ ಕೈಯಿಟ್ಟಳು. "ಯಾಕಪಾ, ಎಷ್ಟನೇ ತಿಂಗಳ ನಿನಗ?"

"ಮೂರನೇದು ನಡದದ ಅತ್ತಿ," ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಮಾತ್ರ ಆ ಮಾತನ್ನು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಮಾಘ ಶುದ್ಧ ಸಪ್ತಮಿಗೆ ಉದಗೀರದಲ್ಲೇ ಒಂದು ಮದುವೆ. ಉಸ್ತಾದರು ದೇವಣಿಯವನಿಗೆ ಮೊದಲ ಉಸಿರು ಕೊಟ್ಟರು. ನಾನು ಝಾಂಜು ಹಿಡಿದು ಜಳಕೋಟದವನ ಪಕ್ಕದಲ್ಲೇ ನಿಂತಿದ್ದೆ. ಅವನ ಕೈ ಕಿಸೆಗೆ ಹೋದದ್ದು ಕಂಡಿತು. ಒಂದು ಸನ್ನೆ ಮಾಡಿದ್ದರೆ ದೇವಣಿಯವನು ಕಣ್ಣು ಬೇರೆ ಕಡೆಗೆ ತಿರುಗಿಸುತ್ತಿದ್ದ. ಮಾಡಲಿಲ್ಲ. ನಾನು ಎಣಿಸುತ್ತಿದ್ದೆ. ಮೂರಕ್ಕೆ ಕಚ್ಚಿದ, ಐದಕ್ಕೆ ಉಗುಳಿದ, ಆರಕ್ಕೆ ಬಾಯಿ ಒರೆಸಿಕೊಂಡ, ಏಳಕ್ಕೆ ತುತ್ತೂರಿ ಎತ್ತಿದ. ನಿಲಂಗಾದ ಸಾಲೇ ಮತ್ತೊಮ್ಮೆ. ದೇವಣಿಯವನು ಊರ ಮುಂದೆ ಗೊಳಗೊಳ ಅಂದು ಕಣ್ಣಲ್ಲಿ ನೀರು ತಂದುಕೊಂಡ. ಅವನ ಆ ದಿನವನ್ನು ನಾನು ಬಳಸಿಕೊಂಡೆ. ಅದನ್ನೂ ಬರೆದಿಟ್ಟಿದ್ದೇನೆ.

ಮಾಘ ಬಹುಳ ದಶಮಿಯಂದು ಕಂದಕದ ಬದಿಯಲ್ಲಿ, ನಾಲಿಗೆಯ ಮೇಲೆ ಹುಳಿ ಇಟ್ಟುಕೊಂಡೇ, ಹದಿನಾರು ಎಣಿಕೆ ಹಿಡಿದೆ. ನೀರಿಲ್ಲ. ಉಸ್ತಾದರನ್ನು ಕರೆದುಕೊಂಡು ಹೋಗಿ ಊದಿ ತೋರಿಸಿದೆ. ಅವರು ಬೆರಳು ಮಡಿಸುತ್ತ ಕೇಳಿದರು. ಎರಡು ಕೈಯ ಬೆರಳು ಮುಗಿದ ಮೇಲೂ ನನ್ನ ಸ್ವರ ಇತ್ತು. "ಪಲಟಣಿಯಾಗ ಇಷ್ಟು ಒಬ್ಬಾತನೇ ಊದತಿದ್ದ," ಎಂದರು. "ಉಮರ್ಗಾದ ಲಗ್ನದಾಗ ಮೊದಲ ಉಸರು ನಿಂದು. ಎಂಟಕ್ಕ ಬಿಡಬ್ಯಾಡ. ಹದಿನಾರೂ ಕೇಳಲಿ ನಿಮ್ಮೂರ ಮಂದಿ."

ಆ ಸುದ್ದಿ ಕೇಳಿ ಜಳಕೋಟದವನು ನನ್ನ ಬೆನ್ನು ತಟ್ಟಿದ. "ಊದಪ್ಪಾ ಊದು. ಈ ಸಲ ಹಳ್ಳ ಹರೀತದೋ ಕೆರಿ ತುಂಬತದೋ ನೋಡಮು."

ಫಾಲ್ಗುಣ ಶುದ್ಧ ಪಂಚಮಿ, ಉಮರ್ಗಾ. ನಿಲಂಗಾದಿಂದ ಎಂಬತ್ತನಾಲ್ಕನೆಯ ದಿನ. ಜ್ವರ ಬಂದ ಮೂರು ದಿನ ಕಳೆದರೆ ಎಂಬತ್ತೊಂದು ದಿನದ ರಿಯಾಜ್. ಅರಿವೆ ವ್ಯಾಪಾರಿಯೊಬ್ಬರ ಮನೆಯ ಮದುವೆ. ನಮ್ಮ ಓಣಿಯ ಎಲ್ಲರೂ ಇದ್ದರು. ನನ್ನ ಅಪ್ಪ ಬಾಜಾದ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವರು. ಅಂದು ಅಂಗಡಿ ಮುಚ್ಚಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು.

ಅಕ್ಷತೆ ಬಿತ್ತು. ಊದಿದೆ. ಸ್ವರ ನೇರವಾಗಿ, ನೂಲು ಎಳೆದಂತೆ ಹೋಯಿತು. ಜಳಕೋಟದವನು ಎದುರಿಗೇ ನಿಂತಿದ್ದ. ಕಂಕುಳಲ್ಲಿ ತುತ್ತೂರಿ, ಕೈಯಲ್ಲಿ ಅರೆಹಣ್ಣಾದ ಹುಣಸೆ. ಒಂದು. ಎರಡು. ಮೂರಕ್ಕೆ ಕಚ್ಚಿದ, ಒಂದು ಕಣ್ಣು ಮುಚ್ಚಿದ. ನನ್ನ ಬಾಯಿ ಹಾಗೆಯೇ ಇತ್ತು. ಎದೆಯಲ್ಲಿ ಇನ್ನೂ ಹನ್ನೆರಡು ಎಣಿಕೆಯ ಗಾಳಿ ಇತ್ತು.

ನಾಲ್ಕಕ್ಕೆ ನಿಲ್ಲಿಸಿದೆ.

ಮಂಟಪದಲ್ಲಿ ಸದ್ದಿಲ್ಲ. ಉಸ್ತಾದರು, ಡೋಲಿನವನು, ಎಲ್ಲರೂ ಎರಡನೇ ತುತ್ತೂರಿಯ ಕಡೆ ತಿರುಗಿದರು. ಅವನ ಮುಚ್ಚಿದ ಕಣ್ಣು ತೆರೆಯಿತು. ಉಗುಳಲು ಹೊತ್ತಿಲ್ಲ, ನುಂಗಲು ಹೊತ್ತಿಲ್ಲ. ಬಾಯ್ತುಂಬ ಹುಣಸೆ ಇಟ್ಟುಕೊಂಡೇ ತುತ್ತೂರಿ ಎತ್ತಿ ಊದಿದ. ಒಮ್ಮೆ ಗೊಳಕ್ ಅಂದಿತು. ಆಮೇಲೆ ಅದೂ ಇಲ್ಲ. ಕೆನ್ನೆ ಉಬ್ಬಿಸಿದ, ಮುಖ ಕೆಂಪಾಯಿತು, ಗಾಳಿ ಹೊರಗೆ ಬರಲಿಲ್ಲ. ಹುಳಿನೀರು ಅವನ ಗದ್ದದಿಂದ ಇಳಿದು ನಿಲಂಗಾದ ಶಲ್ಯದ ಮೇಲೆ ಬಿತ್ತು.

"ಅಯ್ಯ ನಮ್ಮವ್ವ, ಬಾಜಾಕ್ಕ ವಾಂತಿ ಬಂತೇನ?" ಎಂದಳು ಹೆಂಗಸರ ಸಾಲಿನಿಂದ ಒಬ್ಬ ಮುದುಕಿ. ಎಲ್ಲರಿಗಿಂತ ಜೋರಾಗಿ ನಕ್ಕವನು ದೇವಣಿಯವನು. ನಾನು ಬೇಕೆಂದೇ ನಿಲ್ಲಿಸಿದ್ದು ಅವನಿಗೆ ಆಗಲೇ ತಿಳಿದಿತ್ತು.

ಮದುವೆಯ ಊಟದ ನಂತರ ಉಸ್ತಾದರು ಜಳಕೋಟದವನ ಬಟ್ಟಲನ್ನು ಕಳಚಿ ಅಂಗೈಗೆ ಬಡಿದರು. ನಾರು ಸುತ್ತಿದ ಹುಣಸೆಬೀಜ ಹೊರಬಿತ್ತು. ಅದನ್ನು ನೋಡಿ, ನನ್ನನ್ನು ನೋಡಿದರು.

"ಹದಿನಾರು ಊದಾವ ನಾಕಕ್ಕ ಯಾಕ ನಿಲ್ಲಿಸಿದಿ?"

ವಹಿ ತೆಗೆದು ನಿಲಂಗಾದ ಸಾಲು, ಉದಗೀರದ ಸಾಲು, ಎರಡನ್ನೂ ಓದಿದೆ.

"ನಿಲಂಗಾದಾಗೇ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಅವಗ ಬೈತಿದ್ರಿ. ಅಷ್ಟೇ ಆಗ್ತಿತ್ತು."

ಉಸ್ತಾದರು ಬೀಜವನ್ನು ದೂರ ಎಸೆದರು. "ಇನ್ನ ಮ್ಯಾಲ ಮೊದಲ ಉಸರು ನಿಂದೇ," ಎಂದರು. ಹೊಗಳಿಕೆಯ ದನಿಯಲ್ಲಿ ಹೇಳಲಿಲ್ಲ. ಝಾಂಜನ್ನು ಜಳಕೋಟದವನ ಮುಂದಿಟ್ಟರು. ಅವನು ತೆಗೆದುಕೊಂಡ.

ಅಪ್ಪ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. "ಇಷ್ಟೇ ಏನಪಾ ನಿನ್ನ ಉಸರು? ಇಷ್ಟ ದಿನ ಊದಿ, ನಾಕಕ್ಕ ದಮ್ಮ ಹತ್ತಿತೇನು?"

ಅವರು ಕೇಳಿದ್ದು ನಾಲ್ಕನ್ನೇ. ಉಮರ್ಗಾದವರ ಲೆಕ್ಕದಲ್ಲಿ ನಾನು ಇಂದಿಗೂ ನಾಲ್ಕು ಎಣಿಕೆಯವನು. ಆದರೂ ಆ ಶಲ್ಯದ ಮೇಲಿನ ಕಲೆಯನ್ನು ನೆನೆದರೆ ನನಗೆ ಈಗಲೂ ಊಟ ರುಚಿಸುತ್ತದೆ. ಮತ್ತೆ ಆ ದಿನ ಬಂದರೂ ನಾಲ್ಕಕ್ಕೇ ನಿಲ್ಲಿಸುತ್ತೇನೆ.

ಈಗ ವೈಶಾಖ. ಮೊದಲ ಉಸಿರು ನನ್ನದಾದ ಮೇಲೆ ಏಳು ಮದುವೆಗಳಾದವು. ಪ್ರತಿಯೊಂದರಲ್ಲೂ ಹನ್ನೆರಡು ಹಿಡಿದಿದ್ದೇನೆ. ಜಳಕೋಟದವನು ಝಾಂಜು ಹಿಡಿದು ನನ್ನೆದುರಿಗೆ, ಎರಡನೇ ತುತ್ತೂರಿಯ ಪಕ್ಕದಲ್ಲಿ ನಿಲ್ಲುತ್ತಾನೆ. ನಾನು ನಿಂತು ಅವನನ್ನು ಎಣಿಸಿದ ಜಾಗ ಅದೇ. ನನ್ನೊಡನೆ ಮಾತಿಲ್ಲ. ಹುಣಸೆ ತಿಕ್ಕುವಾಗಲೂ ತಲೆ ಎತ್ತುವುದಿಲ್ಲ.

ಅವನಿಗೆ ಓದು ಬರಹ ಬಾರದು. ಮೊನ್ನೆ ಝಾಂಜು ನೆಲದ ಮೇಲಿದ್ದಾಗ ಅದರ ಕೆಂಪು ದಾರ ನೋಡಿದೆ. ನನ್ನ ಕೈಯಲ್ಲಿದ್ದಾಗ ನುಣ್ಣಗಿದ್ದ ದಾರದಲ್ಲಿ ಈಗ ಏಳು ಗಂಟು. ಏಳು ಮದುವೆ, ಏಳು ಗಂಟು. ಐದನೆಯದು ಮಾತ್ರ ಎರಡು ಸುತ್ತಿನದು, ಬಿಗಿಯಾದದ್ದು.

ವಹಿ ತೆಗೆದು ಐದನೆಯ ಮದುವೆಯ ಸಾಲು ಹುಡುಕಿದೆ. "ಹನ್ನೆರಡು. ತಪ್ಪಿಲ್ಲ," ಎಂದಷ್ಟೇ ಇದೆ. ಅಂದು ನಾನು ಏನು ಮಾಡಿದೆನೋ ಅದು ಅವನ ದಾರದಲ್ಲಿದೆ, ನನ್ನ ವಹಿಯಲ್ಲಿಲ್ಲ. ಆ ಗಂಟು ಕಂಡ ಮೇಲೆ ಕೋಷ್ಟಕದಲ್ಲಿ ಇನ್ನೊಂದು ಗೆರೆ ಎಳೆದಿದ್ದೇನೆ. ಅವನ ಗಂಟುಗಳ ಲೆಕ್ಕಕ್ಕೆ.